ನಾನು ಹಾರಿಸಿದ ಏಳನೇ ಹಾಳೆ

ನನ್ನ ಕುರ್ಚಿಯಲ್ಲಿ ಈಗ ಕೂತಿರುವ ಹುಡುಗಿ ಹೋದ ವಾರ ಫೋನು ಮಾಡಿದ್ದಳು. ಕೆಲಸಕ್ಕೆ ಸೇರಿ ಇಪ್ಪತ್ತು ದಿನವಾಯಿತು, ಒಬ್ಬ ಹುಡುಗಿಯೂ ಒಳಗೆ ಬಂದಿಲ್ಲ, ಬಾಗಿಲಿಗೆ ಬರುವವರೆಲ್ಲ ಎಕ್ಸ್‌ರೇ ಎಲ್ಲಿ ಎಂದು ಕೇಳಿಕೊಂಡು ಹೋಗುತ್ತಾರೆ, ನಾನೇನು ತಪ್ಪು ಮಾಡುತ್ತಿದ್ದೇನೆ ಎಂದು ಅಳುವ ದನಿಯಲ್ಲಿ ಕೇಳಿದಳು. ಏನೂ ಇಲ್ಲ ಎಂದೆ. ಮೊದಲ ಎರಡು ತಿಂಗಳು ಎಕ್ಸ್‌ರೇ ಕೋಣೆಗೆ ದಾರಿ ತೋರಿಸುವುದೇ ನನ್ನ ಕೆಲಸವೂ ಆಗಿತ್ತು, ಅದರಲ್ಲಿ ನಾನು ಬಹಳ ಪಳಗಿದ್ದೆ. ಉಳಿದದ್ದನ್ನು ಬರೆದು ಕಳಿಸುತ್ತೇನೆ ಎಂದು ಮಾತು ಕೊಟ್ಟು ಫೋನಿಟ್ಟೆ. ನಿವೃತ್ತಳಾದವಳಿಗೆ ಇಂಥ ಮಾತು ಕೊಡುವುದು ಸುಲಭ.

ನನ್ನ ಹುದ್ದೆಯ ಹೆಸರು ಹದಿಹರೆಯದವರ ಆಪ್ತಸಮಾಲೋಚಕಿ. ಬೋರ್ಡಿನಲ್ಲಿ ಅದನ್ನು ಓದಿ ಮುಗಿಸುವಷ್ಟರಲ್ಲಿ ಬಂದ ಹುಡುಗಿ ವಾಪಸು ಹೋಗಿರುತ್ತಿದ್ದಳು. ಸರಳವಾಗಿ ಹೇಳಬೇಕೆಂದರೆ, ಬೆಳೆಯುವ ಹುಡುಗಿಯರು ತಮ್ಮ ಮೈಯ ಬಗ್ಗೆ, ಮುಟ್ಟಿನ ಬಗ್ಗೆ, ಹುಡುಗರ ಬಗ್ಗೆ, ಮದುವೆ ಬಸಿರಿನ ಬಗ್ಗೆ ಕೇಳಿದ್ದಕ್ಕೆ ಸರಿಯಾದ ಉತ್ತರ ಹೇಳುವುದು. ಮನೆ ರಾಯಚೂರಿನಲ್ಲಿ. ವಾರಕ್ಕೆ ಎರಡು ದಿನ ದೇವದುರ್ಗ, ಎರಡು ದಿನ ಮಾನ್ವಿ, ಉಳಿದ ದಿನ ರಾಯಚೂರಿನ ಆಫೀಸಿನಲ್ಲಿ ಆ ನಾಲ್ಕು ದಿನಗಳ ವರದಿ. ಬಡ್ತಿ ಯಾವಾಗ ಬಂತು, ಶಾಲು ಯಾರು ಹೊದಿಸಿದರು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದದ್ದು ಒಬ್ಬ ಹುಡುಗಿಯ ವಿಷಯ. ಹತ್ತನೇ ಕ್ಲಾಸಿನ ಜಾಣೆ. ನನ್ನ ಪಾಠವನ್ನು ಗಮನವಿಟ್ಟು ಕೇಳಿದ ತಪ್ಪಿಗೆ ಅವಳು ಅನ್ನ ಬಿಟ್ಟು ಒಣಗಿಹೋದಳು. ಕೇಳದೆ ಕಿಟಕಿಯಾಚೆ ನೋಡುತ್ತ ಕೂತವರೆಲ್ಲ ಚೆನ್ನಾಗಿ ಉಂಡುಕೊಂಡಿದ್ದರು.

ಅವಳ ವಿಷಯಕ್ಕೆ ಬರುವ ಮೊದಲು ನನ್ನ ಯೋಗ್ಯತೆಯ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮಪ್ಪ ಗುಡಿಯ ಅರ್ಚಕರು. ಮಡಿ ಮೈಲಿಗೆಯ ಮನೆ. ನಾನು ದೊಡ್ಡವಳಾದ ದಿನ ಅವ್ವ ಹೇಳಿದ್ದು ಇಷ್ಟೇ: ನಿನಗೆ ಕಾಗೆ ಮುಟ್ಟಿದೆ, ಮೂರು ದಿನ ಅಲ್ಲಿ ಕೂಡು. ನಾನು ಒಂದು ವರ್ಷ ಕಾಗೆ ಕಂಡರೆ ಓಡುತ್ತಿದ್ದೆ. ಮದುವೆಯಾಗುವತನಕ ನನಗಿದ್ದ ಜ್ಞಾನವೆಲ್ಲ ಆ ಕಾಗೆಯದೇ. ಅಂಥವಳು ತರಬೇತಿ ಮುಗಿಸಿ ಈ ಕೆಲಸಕ್ಕೆ ಸೇರಿದಾಗ, ಮಗಳು ಏನು ಮಾಡುತ್ತಾಳೆ ಎಂದು ಕೇಳಿದವರಿಗೆಲ್ಲ ಅಪ್ಪ ‘ದವಾಖಾನಿಯೊಳಗ ಸಾಲಿ ನಡಸ್ತಾಳ’ ಎಂದು ಹೇಳಿ ಮಾತು ಬದಲಿಸುತ್ತಿದ್ದರು. ಪಾಪ, ಅವರು ಸುಳ್ಳೇನೂ ಹೇಳಲಿಲ್ಲ.

ದೇವದುರ್ಗದ ಆಸ್ಪತ್ರೆಯಲ್ಲಿ ನನಗೆ ಕೊಟ್ಟ ಕೋಣೆ ಎಕ್ಸ್‌ರೇ ಪಕ್ಕದ್ದು. ಆ ಕಡೆ ಹೋಗುವ ಹುಡುಗಿಗೆ ಮೂಳೆ ಮುರಿದಿರಬೇಕು, ಇಲ್ಲವೇ ಮಾನ ಹೋಗಿರಬೇಕು ಎಂದು ಊರಿನವರ ಲೆಕ್ಕ. ಅಲ್ಲಿನ ಡಾಕ್ಟರ್ ಸಾಹೇಬರು ಒಳ್ಳೆಯ ಮನುಷ್ಯ. ಮುಟ್ಟು ಎಂಬ ಪದವನ್ನು ಬಾಯಿಂದ ಹೇಳದೆ ಗೋಡೆಯ ಕ್ಯಾಲೆಂಡರಿನತ್ತ ಕೈ ಮಾಡುತ್ತಿದ್ದರು, ಅಷ್ಟೇ. ನನ್ನ ಗೋಳು ಕೇಳಿ ಅವರು ಕೋಣೆಯನ್ನು ಮಕ್ಕಳ ಲಸಿಕೆ ಕೋಣೆಯ ಪಕ್ಕಕ್ಕೆ ಬದಲಿಸಿದರು. ಅದೇ ದೊಡ್ಡ ಉಪಕಾರವಾಯಿತು. ಲಸಿಕೆಯ ದಿನ ಕಂಕುಳಲ್ಲೊಂದು ಕೂಸು ಇದ್ದರೆ ಯಾವ ಹುಡುಗಿಯನ್ನೂ ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಹುಡುಗಿಯರು ಅಕ್ಕಪಕ್ಕದ ಮನೆಯ ಕೂಸುಗಳನ್ನು ಎತ್ತಿಕೊಂಡು ಬರತೊಡಗಿದರು. ಒಂದು ಗುಂಡುಮುಖದ ಕೂಸಂತೂ ಒಂದೇ ತಿಂಗಳಲ್ಲಿ ಮೂವರು ಬೇರೆ ಬೇರೆ ಹುಡುಗಿಯರ ಕಂಕುಳಲ್ಲಿ ಬಂತು. ನರ್ಸನ್ನು ಕಂಡರೆ ಸಾಕು, ಚೀರುತ್ತಿತ್ತು. ಇದಕ್ಕೆ ಇನ್ನೆಷ್ಟು ಸೂಜಿ ಬಾಕಿ ಇವೆ ಎಂದು ನರ್ಸು ರಿಜಿಸ್ಟರು ಹುಡುಕುತ್ತಿದ್ದರೆ ನಾನು ಮುಖ ತಿರುಗಿಸಿ ನಗುತ್ತಿದ್ದೆ.

ಶಾಲೆಗಳಲ್ಲಿ ಮಾತ್ರ ನನ್ನ ಬುದ್ಧಿ ಓಡಲಿಲ್ಲ. ಪ್ರಶ್ನೆಪೆಟ್ಟಿಗೆ ಇಡಬೇಕೆಂದು ಆದೇಶವಿತ್ತು, ಇಟ್ಟೆ. ಎಲ್ಲಿ? ದೇವದುರ್ಗದ ಒಂದು ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರರ ಕೋಣೆಯ ಬಾಗಿಲಿಗೆ. ತಿಂಗಳಾದ ಮೇಲೆ ತೆರೆದರೆ ಅದರಲ್ಲಿ ಬಸ್ ಟಿಕೆಟುಗಳು, ಒಂದು ಬೇವಿನ ಕಡ್ಡಿ, ಮತ್ತು ಬಿಸಿಯೂಟದ ಸಾರಿನಲ್ಲಿ ಬೇಳೆ ಹುಡುಕಿಕೊಡಬೇಕೆಂದು ಕೋರಿ ಶಿಕ್ಷಣಾಧಿಕಾರಿಗಳಿಗೆ ಬರೆದ ಅರ್ಜಿ. ಹುಡುಗಿಯರಿಗೆ ಕೇಳಲು ಏನೂ ಇಲ್ಲ ಎಂದು ನಾನು ವರದಿ ಬರೆಯುವುದರಲ್ಲಿದ್ದೆ. ಅಷ್ಟರಲ್ಲಿ ಒಬ್ಬ ಹುಡುಗಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ನಿಂತು, ನನ್ನತ್ತ ನೋಡದೆ ಹೇಳಿದಳು:

‘ಬರಿಯೋದು ಕಷ್ಟಿಲ್ಲರೀ ಮೇಡಮ್. ಬರಿಯಾಕತ್ತೀನಿ ಅಂತ ಮಂದಿಗೆ ಕಾಣ್ತದಲ್ಲ, ಅದು ಕಷ್ಟ.’

ಆ ಒಂದು ಮಾತಿನಿಂದ ನಾನು ಕಲಿತದ್ದು ಮೂರು ತರಬೇತಿಗಳಲ್ಲಿ ಕಲಿತಿರಲಿಲ್ಲ. ಮುಂದಿನ ವಾರದಿಂದ ಪೆಟ್ಟಿಗೆಯನ್ನು ಬಿಟ್ಟು ಚೀಲ ಹಿಡಿದೆ. ಎಲ್ಲರಿಗೂ ಒಂದೇ ಅಳತೆಯ ಚೀಟಿ. ಎಲ್ಲರೂ ಬರೆಯಲೇಬೇಕು. ಕೇಳುವುದಿದ್ದವರು ಪ್ರಶ್ನೆ ಬರೆಯಿರಿ, ಇಲ್ಲದವರು ಮುಂಜಾನೆ ಏನು ಉಂಡಿರಿ ಬರೆಯಿರಿ. ಅಕ್ಷರ ನೋಡಿ ಯಾರದೆಂದು ಹುಡುಕುವುದಿಲ್ಲ ಎಂದು ಆಣೆ ಮಾಡುತ್ತಿದ್ದೆ. ಆದರೆ ಯಾರಾದರೂ ನಿಮ್ಮನ್ನು ನೋಯಿಸುತ್ತಿದ್ದರೆ, ಜೀವಕ್ಕೆ ಅಪಾಯವಿದ್ದರೆ ನಾನು ಸುಮ್ಮನಿರುವುದಿಲ್ಲ, ಅದನ್ನು ಮೊದಲೇ ಹೇಳಿರುತ್ತೇನೆ ಎಂದೂ ಸೇರಿಸುತ್ತಿದ್ದೆ. ಹೊಸಬರೇ, ಈ ಎರಡನೆಯ ಮಾತನ್ನು ಎಂದೂ ಮರೆಯಬೇಡಿ. ಗುಟ್ಟಿನ ಗಡಿಯನ್ನು ಮೊದಲೇ ತೋರಿಸಿದವರನ್ನೇ ಹುಡುಗಿಯರು ನಂಬುತ್ತಾರೆ.

ಅಂದಿನಿಂದ ಚೀಲ ತುಂಬತೊಡಗಿತು. ಜೋಳದ ರೊಟ್ಟಿ ಪುಂಡಿಪಲ್ಯ, ಜೋಳದ ರೊಟ್ಟಿ ಶೇಂಗಾ ಚಟ್ನಿ, ಮಂಡಾಳ ಒಗ್ಗರಣೆ, ಮತ್ತೆ ರೊಟ್ಟಿ ಪುಂಡಿಪಲ್ಯ. ಎರಡು ತಾಲೂಕಿನ ಯಾವ ಮನೆಯಲ್ಲಿ ಏನು ಬೇಯುತ್ತದೆ ಎಂದು ನನ್ನಷ್ಟು ಬಲ್ಲವರು ಇರಲಿಲ್ಲ. ಅವುಗಳ ನಡುವೆ ಐದೋ ಆರೋ ಪ್ರಶ್ನೆಗಳು. ಬಿಳಿಸೆರಗು ಹೋದರೆ ಕ್ಷಯ ಬರುತ್ತದೆಯೇ? ಮುಟ್ಟಿನಲ್ಲಿ ಹುಣಸೆ ತಿನ್ನಬಹುದೇ? ಒಬ್ಬ ಹುಡುಗ ದಿನಾ ನನ್ನನ್ನು ನೋಡುತ್ತಾನೆ, ನಾನು ನೋಡಬೇಕೋ ಬೇಡವೋ? ನೋಡುವುದು ಬಿಡುವುದು ನಿನ್ನಿಷ್ಟ, ಆದರೆ ಒಲ್ಲೆ ಎಂದಮೇಲೂ ಹಿಂದೆ ಬಂದರೆ ಅದು ಪ್ರೀತಿಯಲ್ಲ ಎಂದು ಉತ್ತರ ಹೇಳಿದಾಗ ಇಡೀ ತರಗತಿ ಉಸಿರು ಬಿಟ್ಟಿತ್ತು. ಮೊದಲು ಪ್ರಶ್ನೆಯ ಚೀಟಿ, ಊಟದ ಚೀಟಿ ಎಂದು ಎರಡು ಕಟ್ಟು ಮಾಡುತ್ತಿದ್ದೆ. ಊಟದ ಕಟ್ಟಿನಿಂದ ಎರಡು ಮೂರನ್ನು ಗಟ್ಟಿಯಾಗಿ ಓದಿ ನಗಿಸಿ, ಆಮೇಲೆ ಪ್ರಶ್ನೆಗಳಿಗೆ ಬರುತ್ತಿದ್ದೆ. ನನ್ನ ಪದ್ಧತಿಯ ಬಗ್ಗೆ ನನಗೆ ಜಂಬವಿತ್ತು. ರಾಯಚೂರಿನ ಸಭೆಗಳಲ್ಲಿ ಅದನ್ನು ಎರಡೆರಡು ಸಲ ವಿವರಿಸುತ್ತಿದ್ದೆ, ಬೇಡವೆಂದರೂ.

ಇನ್ನು ಚಿತ್ರದ ಹಾಳೆಗಳು. ಇಲಾಖೆ ಕೊಟ್ಟ ಹನ್ನೆರಡು ದೊಡ್ಡ ಹಾಳೆಗಳ ಕಟ್ಟು, ಕೋಲಿಗೆ ನೇತುಹಾಕಿ ಒಂದೊಂದಾಗಿ ತಿರುವಬೇಕು. ಒಂದರಿಂದ ಐದು ನಿರಪಾಯ: ಸ್ವಚ್ಛತೆ, ರಕ್ತಹೀನತೆ, ಮೈಯ ಬದಲಾವಣೆ. ಆರನೆಯದು ಗೆಳೆತನ ಮತ್ತು ಆಕರ್ಷಣೆ. ಅದರಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಕಲ್ಲುಬೆಂಚಿನ ಮೇಲೆ ಕೂತು ಒಂದೇ ಎಳನೀರಿನ ಕಾಯಿಗೆ ಎರಡು ಕೊಳವೆ ಹಾಕಿ ಕುಡಿಯುತ್ತಿದ್ದರು. ಏಳನೆಯದು ಗಂಡುಹೆಣ್ಣಿನ ಕೂಡುವಿಕೆಯಿಂದ ಗರ್ಭ ನಿಲ್ಲುವ ಬಗೆ. ಎಂಟನೆಯದರಲ್ಲಿ ಗರ್ಭದಲ್ಲಿ ತಲೆಕೆಳಗಾಗಿ ಮಲಗಿದ ಶಿಶು. ಒಂಬತ್ತು, ಗರ್ಭದ ಲಕ್ಷಣಗಳು: ಮುಟ್ಟು ನಿಲ್ಲುವುದು, ವಾಕರಿಕೆ, ಸುಸ್ತು.

ಈ ಕಟ್ಟನ್ನು ನನ್ನ ಕೈಗಿಟ್ಟವರು ನನ್ನ ಮೇಲಿನ ಮೇಲ್ವಿಚಾರಕಿ. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ, ಯಾವುದಕ್ಕೂ ಗಾಬರಿಯಾಗದ ಹೆಂಗಸು. ಬೆರಳಿಗೆ ಉಗುಳು ಹಚ್ಚಿಕೊಂಡು ಅವರೇ ತಿರುವಿ ತೋರಿಸಿದರು.

‘ಆರು ಏಳು ಕೂಡಿಸಿ ತಿರುವಿಬಿಡವಾ. ಹಿಂದ ಹೆಡ್‌ಮಾಸ್ತರ್ ಕೂತಿರ್ತಾರ. ನಂಗ ಇಷ್ಟು ವರ್ಷದಾಗ ಒಂದು ಕಂಪ್ಲೇಂಟ್ ಬಂದಿಲ್ಲ.’

ಕಾಗೆಯ ಮಗಳಿಗೆ ಇದಕ್ಕಿಂತ ಹಿತವಾದ ಉಪದೇಶ ಇನ್ನೇನು ಬೇಕು? ಆರು ವರ್ಷ ನಾನು ಆರು ಮತ್ತು ಏಳನ್ನು ಕೂಡಿಸಿಯೇ ತಿರುವಿದೆ. ಎಷ್ಟು ಅಭ್ಯಾಸವಾಗಿತ್ತೆಂದರೆ ಆ ಎರಡು ಹಾಳೆಗಳ ಮೂಲೆ ಒಂದಕ್ಕೊಂದು ಅಂಟಿಕೊಂಡು ತಾವಾಗಿಯೇ ಜೊತೆಯಾಗಿ ಹಾರುತ್ತಿದ್ದವು. ನನಗೂ ಒಂದು ಕಂಪ್ಲೇಂಟ್ ಬರಲಿಲ್ಲ.

ಮಾನ್ವಿಯ ಒಂದು ಹೈಸ್ಕೂಲಿಗೆ ನಾನು ತಿಂಗಳಿಗೆರಡು ಮಂಗಳವಾರ ಹೋಗುತ್ತಿದ್ದೆ. ಹತ್ತನೇ ತರಗತಿಯ ಹುಡುಗಿಯರಲ್ಲಿ ಇಬ್ಬರನ್ನು ಮೊದಲೇ ಪರಿಚಯಿಸುತ್ತೇನೆ, ಹೆಸರು ಬದಲಿಸಿದ್ದೇನೆ. ವೃಂದಾ ಮೊದಲ ಬೆಂಚಿನವಳು. ಅಪ್ಪ ಬೇರೆ ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು, ಮನೆಯಲ್ಲಿ ನಮ್ಮ ಮನೆಯಂಥದ್ದೇ ಮಡಿ. ನಾನು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆಯುವ ಹುಡುಗಿ. ಮಾಳಮ್ಮ ಕೊನೆಯ ಬೆಂಚಿನವಳು. ಕುರಿ ಸಾಕುವ ಮನೆತನ, ಪಕ್ಕದ ಹಳ್ಳಿಯಿಂದ ಬರುತ್ತಿದ್ದಳು. ಪರೀಕ್ಷೆಯಲ್ಲಿ ಪಾಸಾದರೆ ಅವಳಿಗೇ ಆಶ್ಚರ್ಯವಾಗುತ್ತಿತ್ತು. ನನ್ನ ಪಾಠದ ಹೊತ್ತಿಗೆ ಅವಳ ಮುಖದಲ್ಲಿ ಒಂದು ಸಣ್ಣ ನಗು ಇರುತ್ತಿತ್ತು. ಅದನ್ನು ನಾನು ಉಡಾಫೆ ಎಂದುಕೊಂಡು ಒಂದೆರಡು ಸಲ ಗದರಿದ್ದೂ ಇದೆ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಆ ತರಗತಿಯ ಚೀಲದಲ್ಲಿ ಒಂದು ಹೊಸ ಚೀಟಿ ಬಂತು: ‘ಇವತ್ತು ಉಪವಾಸ.’ ರೊಟ್ಟಿ ಪುಂಡಿಪಲ್ಯದ ನಡುವೆ ಇದು ನನಗೆ ಬಹಳ ಹಿಡಿಸಿತು. ಗಟ್ಟಿಯಾಗಿ ಓದಿ, ನಮ್ಮಲ್ಲಿ ಒಬ್ಬರು ಭಕ್ತರಿದ್ದಾರೆ, ಅವರ ಪುಣ್ಯದಲ್ಲಿ ನಮಗೂ ಪಾಲು ಬರಲಿ ಎಂದು ನಗಿಸಿ, ಊಟದ ಕಟ್ಟಿಗೆ ಸೇರಿಸಿದೆ. ಎರಡು ವಾರದ ಮೇಲೆ ಮತ್ತೆ ಅದೇ ಚೀಟಿ. ಮತ್ತೆ ನಗಿಸಿದೆ. ಮೂರನೆಯ ಸಲ ಬಂದಾಗ ಓದುವ ಗೋಜಿಗೂ ಹೋಗಲಿಲ್ಲ, ನೇರವಾಗಿ ಊಟದ ಕಟ್ಟಿಗೆ ಹಾಕಿದೆ. ಮೂರು ಸಲವೂ ಅದು ಪ್ರಶ್ನೆಯಾಗಿತ್ತು ಎಂದು ನನಗೆ ಹೊಳೆಯಲಿಲ್ಲ.

ಹೊಳೆದದ್ದು ರಾಯಚೂರಿನ ಒಂದು ಮುಂಜಿಯ ಊಟದಲ್ಲಿ. ಅಂದು ಭಾನುವಾರ. ಪಂಕ್ತಿಯಲ್ಲಿ ನನ್ನ ಎಡಗಡೆ ಕೂತ ಅಜ್ಜಿ ಮಾನ್ವಿಯವರು. ಮಾತು ಮೊಮ್ಮಕ್ಕಳಿಗೆ ಬಂತು. ನನ್ನ ಎಲೆಗೆ ಹೋಳಿಗೆ ಬಿತ್ತು, ಅಜ್ಜಿಯ ಬಾಯಿಂದ ವೃಂದಾಳ ಹೆಸರೂ ಬಿತ್ತು.

‘ಈ ವಯಸ್ಸಿನಾಗ ನಮ್ಮ ವೃಂದಾಗ ಎಷ್ಟು ಭಕ್ತಿ ಬಂದದ ಅಂತೀರಿ,’ ಎಂದರು ಅಜ್ಜಿ. ‘ಏಕಾದಶಿ ಅಷ್ಟ ಅಲ್ಲ, ಗುರುವಾರ, ಶನಿವಾರ ಹಿಡದ್ಲು. ಈಗ ಸೋಮವಾರನೂ ಹಿಡದಾಳ. ಹಾಲು ಸೈತ ಒಲ್ಲೆ ಅಂತಾಳ. ದೇವರ ಕೃಪಾ ನೋಡ್ರಿ, ಎರಡು ತಿಂಗಳಾತು, ಒಂದಿನ ಹೊರಗ ಕೂತಿಲ್ಲ. ಪೂಜಾಕ್ಕ ಅಡ್ಡಿನ ಬಂದಿಲ್ಲ.’

ಹೊರಗೆ ಕೂಡುವುದೆಂದರೆ ಮುಟ್ಟಾಗುವುದು. ಎರಡು ತಿಂಗಳಿಂದ ಹುಡುಗಿಗೆ ಮುಟ್ಟು ಬಂದಿಲ್ಲ, ಅಜ್ಜಿ ಅದನ್ನು ದೇವರ ಕೃಪೆ ಎಂದು ಪಂಕ್ತಿಗೆಲ್ಲ ಕೇಳುವಂತೆ ಹೊಗಳುತ್ತಿದ್ದಾರೆ. ನಮ್ಮಂಥ ವೈಷ್ಣವರ ಮನೆಯಲ್ಲಿ ಶಿವನ ಸೋಮವಾರವನ್ನು ಯಾರು ಹಿಡಿಯುತ್ತಾರೆ ಎಂದು ಮೊದಲು ಅನಿಸಿತು. ಆಮೇಲೆ, ನಾನು ಮಾನ್ವಿಗೆ ಹೋಗುವುದು ಮಂಗಳವಾರ, ಚೀಟಿಯಲ್ಲಿದ್ದ ಉಪವಾಸವೂ ಮಂಗಳವಾರದ್ದು ಎಂಬುದು ನೆನಪಾಯಿತು. ಗುರುವಾರ, ಶನಿವಾರ, ಸೋಮವಾರ, ಮಂಗಳವಾರ. ಆ ಹುಡುಗಿ ಉಣ್ಣುತ್ತಿದ್ದದ್ದಾದರೂ ಯಾವಾಗ? ಬಾಯಲ್ಲಿದ್ದ ಹೋಳಿಗೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಅರ್ಚಕರ ಮಗಳಾಗಿ ತಿಥಿ ವಾರ ನೋಡದೆ ಉಪವಾಸದ ಚೀಟಿಯನ್ನು ಊಟದ ಕಟ್ಟಿಗೆ ಸೇರಿಸಿದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಪಂಕ್ತಿಯಲ್ಲಿ ಬಾಯಿಬಿಟ್ಟರೆ ಸಂಜೆಯೊಳಗೆ ಮಾನ್ವಿಯಲ್ಲೆಲ್ಲ ಸುದ್ದಿ. ಅಜ್ಜಿಗೆ ನಾನು ಹೇಳಿದ್ದು ಇಷ್ಟೇ: ಬೆಳೆಯುವ ಹುಡುಗಿ, ಉಪವಾಸವಿದ್ದರೂ ಹಾಲು ಹಣ್ಣು ಬಿಡಿಸಬೇಡಿ, ಒಮ್ಮೆ ಡಾಕ್ಟರಿಗೆ ತೋರಿಸಿ. ಭಕ್ತಿಗೆ ಯಾವ ಔಷಧವಮ್ಮಾ ಎಂದು ಅಜ್ಜಿ ನಕ್ಕರು. ಮುಂದಿನ ಪಾಠ ಮುಂದಿನ ವಾರದ ಮಂಗಳವಾರಕ್ಕಿತ್ತು. ಅಲ್ಲಿಯತನಕ ಕಾಯುವುದು ನನ್ನಿಂದಾಗಲಿಲ್ಲ. ಮರುದಿನವೇ ಮಾನ್ವಿಯ ಬಸ್ಸು ಹತ್ತಿ, ಹೆಡ್‌ಮಾಸ್ತರರಿಗೆ ಇಲಾಖೆಯಿಂದ ತುರ್ತು ಪಾಠ ಬಂದಿದೆ ಎಂದು ಸುಳ್ಳು ಹೇಳಿದೆ. ಅದು ನನ್ನ ಕೆಲಸದಲ್ಲಿ ನಾನು ಹೇಳಿದ ಒಂದೇ ಸುಳ್ಳು ಎಂದರೆ ಅದೂ ಸುಳ್ಳಾದೀತು.

ಬಸ್ಸಿನುದ್ದಕ್ಕೂ ತಲೆಯಲ್ಲಿ ಒಂದೇ ಯೋಚನೆ. ಹುಡುಗಿ ಬಸಿರಾಗಿದ್ದಾಳೆಯೇ, ಬಸಿರಾಗಿದ್ದೇನೆ ಎಂದುಕೊಂಡಿದ್ದಾಳೆಯೇ? ಯಾರಾದರೂ ಅವಳಿಗೆ ಕೇಡು ಮಾಡಿದ್ದಾರೆಯೇ? ಅವಳನ್ನು ಪಕ್ಕಕ್ಕೆ ಕರೆದು ಕೇಳಿದರೆ ಆಣೆ ಮುರಿದಂತಾಗುತ್ತದೆ. ಇಡೀ ತರಗತಿ ಅವಳತ್ತ ನೋಡುತ್ತದೆ, ಅವಳು ನಾಳೆಯಿಂದ ಶಾಲೆಗೇ ಬರುವುದಿಲ್ಲ. ಕೇಳದೆ ಬಿಟ್ಟರೆ ಹಸಿವು ಅವಳನ್ನು ಮುಗಿಸುತ್ತದೆ. ಸಂಜೆಯೊಳಗೆ ಅವಳು ತಾನಾಗಿ ಬರದಿದ್ದರೆ ಆಣೆ ಮುರಿದರೂ ಸರಿ, ಜೀವ ದೊಡ್ಡದು ಎಂದು ನಿಶ್ಚಯಿಸಿಕೊಂಡು ತರಗತಿಗೆ ಹೋದೆ.

ವೃಂದಾ ಮೊದಲ ಬೆಂಚಿನಲ್ಲೇ ಇದ್ದಳು. ಬಳೆ ಮೊಳಕೈತನಕ ಜಾರುತ್ತಿತ್ತು. ಆರು ವಾರ ಅವಳೆದುರು ನಿಂತು ಪಾಠ ಮಾಡಿದ ನನ್ನ ಕಣ್ಣಿಗೆ ಅದು ಹೇಗೆ ಬೀಳಲಿಲ್ಲವೋ.

ಇವತ್ತು ಊಟದ ವಿಷಯ ಬೇಡ ಎಂದೆ. ನನ್ನ ಚಿತ್ರದ ಹಾಳೆಗಳನ್ನು ನೋಡಿದ್ದೀರಲ್ಲ, ಮಕ್ಕಳು ಹೇಗೆ ಆಗುತ್ತವೆ ಎಂದು ಅದರಿಂದ ನಿಮಗೇನು ತಿಳಿಯಿತು, ಬರೆಯಿರಿ. ತಪ್ಪಿದ್ದರೆ ತಪ್ಪು ನನ್ನದು, ನಿಮ್ಮದಲ್ಲ. ಚೀಟಿಗಳು ಬಂದವು. ಒಂದೊಂದಾಗಿ ಬಿಡಿಸಿದೆ. ‘ಎಳನೀರು ಕುಡಿದರೆ ಮಕ್ಕಳಾಗುತ್ತವೆ.’ ‘ಹುಡುಗನ ಎಂಜಲಿನಿಂದ.’ ‘ಒಂದೇ ಬೆಂಚಿನ ಮೇಲೆ ಕೂಡಬಾರದು.’ ‘ಎಳನೀರು.’ ‘ಎಳನೀರು, ಆದರೆ ಎರಡು ಕೊಳವೆ ಇರಬೇಕು.’ ಕೆಲವರು ತಮಾಷೆಗೆ ಬರೆದಿದ್ದರು, ಕೆಲವರು ಹೌದೋ ಅಲ್ಲವೋ ಎಂಬ ಅನುಮಾನದಿಂದ ಬರೆದಿದ್ದರು. ಆರನೇ ಹಾಳೆಯಲ್ಲಿ ಎಳನೀರು, ತಿರುವಿದ ಕೂಡಲೇ ಎಂಟನೇ ಹಾಳೆಯಲ್ಲಿ ಶಿಶು. ನಾನು ಬಾಯಿಂದ ಹೇಳದ್ದನ್ನು ಅವರು ಚಿತ್ರದಿಂದ ಓದಿಕೊಂಡಿದ್ದರು. ಕೊನೆಯ ಚೀಟಿಯಲ್ಲಿ ಗೆರೆ ಎಳೆದಂಥ ಅಕ್ಷರ: ‘ಎಳನೀರಿನ ಬದಲು ಸೋಡಾ ಆದರೂ ಆಗುತ್ತದೆಯೇ?’

ಅದನ್ನು ಗಟ್ಟಿಯಾಗಿ ಓದಿದೆ. ತರಗತಿ ನಕ್ಕಿತು. ನಾನು ನಗಲಿಲ್ಲ, ಮೊದಲ ಬೆಂಚಿನತ್ತ ನೋಡಲೂ ಇಲ್ಲ. ಇದು ಒಳ್ಳೆಯ ಪ್ರಶ್ನೆ, ಇದನ್ನು ಕೇಳಿದವರಲ್ಲಿ ನಾನು ಕ್ಷಮೆ ಕೇಳಬೇಕು, ಯಾಕೆಂದರೆ ನಾನು ನಿಮ್ಮಿಂದ ಒಂದು ಹಾಳೆ ಮುಚ್ಚಿಟ್ಟಿದ್ದೆ ಎಂದೆ. ಅಂಟಿಕೊಂಡ ಮೂಲೆಯನ್ನು ಉಗುರಿನಿಂದ ಬಿಡಿಸಿ ಏಳನೇ ಹಾಳೆಯನ್ನು ತೆರೆದೆ. ಆರು ವರ್ಷವಾದರೂ ಬಣ್ಣ ಮಾಸಿರಲಿಲ್ಲ. ಹಿಂದೆ ಕೂತಿದ್ದ ಹೆಡ್‌ಮಾಸ್ತರರಿಗೆ ಆ ಕ್ಷಣವೇ ನೀರಿನ ಟ್ಯಾಂಕ್ ತುಂಬಿತೋ ಇಲ್ಲವೋ ನೋಡಬೇಕೆಂದು ನೆನಪಾಗಿ, ಅವರು ಎದ್ದುಹೋದರು. ಯಾರಿಗೆ ಹೆದರಿ ಆರು ವರ್ಷ ಈ ಹಾಳೆ ಮುಚ್ಚಿಟ್ಟೆನೋ ಅವರು ಎದ್ದುಹೋಗಲು ಒಂದು ನೆಪಕ್ಕಾಗಿ ಕಾಯುತ್ತಿದ್ದರು.

ಈಗ ಹೇಳಬೇಕಾದವಳು ನಾನು. ಪುರುಷನ ವೀರ್ಯಾಣು ಎಂದು ಶುರು ಮಾಡಿ, ಸ್ತ್ರೀಯ ಅಂಡಾಣು ಎಂದು ಮುಂದುವರಿಸಿ, ಸಂಪರ್ಕ ಎಂಬಲ್ಲಿಗೆ ಬಂದು ನಿಂತುಬಿಟ್ಟೆ. ಕೋಲು ಹಾಳೆಯ ಮೇಲೆ ಅಲ್ಲೇ ಉಳಿಯಿತು. ಆಗ ಕೊನೆಯ ಬೆಂಚಿನಿಂದ ಮಾಳಮ್ಮ ಎದ್ದು ನಿಂತಳು. ಮುಖದಲ್ಲಿ ಅದೇ ಸಣ್ಣ ನಗು.

‘ನಾ ಹೇಳ್ಲೇನ್ರಿ ಮೇಡಮ್? ನಮ್ಮ ಹಟ್ಟಿಯಾಗ ಟಗರು, ಕುರಿ ಎಲ್ಲಾ ಒಂದ ದೋಣ್ಯಾಗ ನೀರ ಕುಡಿತಾವ. ಕೂಡಿ ಕುಡದ್ರ ಮರಿ ಆಗಂಗಿದ್ರ, ನಮ್ಮಪ್ಪ ಇಷ್ಟೊತ್ತಿಗೆ ಮಾನ್ವಿ ತುಂಬ ಕುರಿ ನಿಲ್ಲಸ್ತಿದ್ದ.’

ದೋಣಿ ಎಂದರೆ ಕುರಿಗಳಿಗೆ ನೀರು ಕುಡಿಸುವ ಕಲ್ಲಿನ ತೊಟ್ಟಿ. ತರಗತಿ ಬಿದ್ದು ಬಿದ್ದು ನಕ್ಕಿತು. ಅವಳು ನಗದೆ ಮುಂದುವರಿಸಿದಳು. ಟಗರು ಬೇರೆ ಕಟ್ಟಿದರೆ ವರ್ಷವಿಡೀ ಒಂದು ಮರಿಯೂ ಇಲ್ಲ, ನೀರು ಮೇವು ಎಂಜಲು ಏನಾದರೂ ಕೂಡಿ ಇರಲಿ. ಕೂಡಿಸಬೇಕಾದದ್ದು ಕೂಡಿಸಿದರೇ ಗಬ್ಬ. ಆರು ವರ್ಷ ನಾನು ಹೇಳದೆ ಬಿಟ್ಟದ್ದನ್ನು ಅವಳು ನಾಲ್ಕು ಮಾತಿನಲ್ಲಿ, ಎಮ್ಮೆ ಕರೆಯುವ ವಿಷಯ ಹೇಳುವಷ್ಟು ಸಹಜವಾಗಿ ಹೇಳಿ ಕೂತಳು. ಅವಳ ನಗು ಉಡಾಫೆಯಲ್ಲ, ನಾನು ಎಂದು ವಿಷಯಕ್ಕೆ ಬರುತ್ತೇನೋ ಎಂಬ ತಾಳ್ಮೆ ಎಂದು ಅಂದು ತಿಳಿಯಿತು.

ಅವಳ ಮಾತಿನಿಂದ ನನಗೂ ಬಾಯಿ ಬಂತು. ಮನುಷ್ಯರಲ್ಲೂ ಗಂಡುಹೆಣ್ಣಿನ ಲೈಂಗಿಕ ಸಂಪರ್ಕವಾಗದೆ ಹೀಗೆಲ್ಲ ಗರ್ಭ ನಿಲ್ಲುವುದಿಲ್ಲ ಎಂದೆ. ಸೋಡಾದಿಂದ ಇಲ್ಲ, ಎಂಜಲಿನಿಂದ ಇಲ್ಲ, ಕೈ ಹಿಡಿದರೆ ಇಲ್ಲ, ಪಕ್ಕ ಕೂತರೆ ಇಲ್ಲ. ಕುರಿಗೂ ನಮಗೂ ಒಂದು ವ್ಯತ್ಯಾಸವಿದೆ: ಬೇಕು ಬೇಡ ಎನ್ನುವ ಹಕ್ಕು ನಿಮ್ಮದು, ನಿಮ್ಮ ವಯಸ್ಸಿಗೆ ಅದು ಬೇಡ ಎಂದು ಕಾನೂನೂ ನಿಮ್ಮ ಬೆನ್ನಿಗಿದೆ. ಮುಟ್ಟು ನಿಲ್ಲುವುದಕ್ಕೆ ಬೇರೆ ಕಾರಣಗಳೂ ಇವೆ. ಹೆದರಿಕೆಯಿಂದ ನಿಲ್ಲುತ್ತದೆ, ಹೊಟ್ಟೆಗೆ ಅನ್ನವಿಲ್ಲದಿದ್ದರೆ ನಿಲ್ಲುತ್ತದೆ. ಉಪವಾಸ ಹೆಚ್ಚಿದಷ್ಟೂ ಅದು ದೂರ ಹೋಗುತ್ತದೆ. ಇದನ್ನು ಹೇಳುವಾಗ ಗೋಡೆ ನೋಡಿ ಹೇಳಿದೆ. ಮೊದಲ ಬೆಂಚಿನಿಂದ ಪೆನ್ನು ಗೀಚುವ ಸದ್ದು ನಿಂತದ್ದು ಮಾತ್ರ ಕೇಳಿಸಿತು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ವೃಂದಾ ಆ ಸಂಜೆ ತಾನಾಗಿ ಮಾನ್ವಿ ಆಸ್ಪತ್ರೆಯ ನನ್ನ ಕೋಣೆಗೆ ಬಂದಳು. ಟ್ಯೂಷನ್ನಿಂದ ಬರುವಾಗ ಅಂಗಡಿಯಲ್ಲಿ ಒಂದೇ ಸೋಡಾ ಉಳಿದಿತ್ತು, ಜೊತೆಯ ಹುಡುಗ ಅರ್ಧ ಕುಡಿದು ಅರ್ಧ ಇವಳಿಗೆ ಕೊಟ್ಟಿದ್ದ, ಕಥೆಯೆಲ್ಲ ಅಷ್ಟೇ. ಮೊದಲು ತಾನು ಅದನ್ನು ನಂಬಿರಲಿಲ್ಲ, ಮುಟ್ಟು ತಡವಾದ ಮೇಲೆ ನಂಬಿದೆ ಎಂದಳು. ಊರಿಗೆ ಬಂದಿದ್ದ ಅಪ್ಪನ ಫೋನಿನಲ್ಲಿ ಲಕ್ಷಣಗಳನ್ನು ಹುಡುಕಿದಾಗ ಅದು ಅವಳಿಗೆ ಅಭಿನಂದನೆ ಹೇಳಿತ್ತು. ಊಟ ಬಿಟ್ಟರೆ ಒಳಗಿನದೂ ಬೆಳೆಯಲಿಕ್ಕಿಲ್ಲ ಎಂಬ ಲೆಕ್ಕ ಅವಳದೇ. ಉಪವಾಸ ಎಂದರೆ ಮನೆಯಲ್ಲಿ ಯಾರೂ ಕಾರಣ ಕೇಳುತ್ತಿರಲಿಲ್ಲ. ಡಾಕ್ಟರು ನೋಡಿದರು, ರಕ್ತ ಕಡಿಮೆ ಇತ್ತು, ಮತ್ತೇನೂ ಇರಲಿಲ್ಲ. ತಿಂಗಳೆರಡು ತಿಂಗಳಿಗೆ ದೇವರ ಕೃಪೆ ಮುಗಿಯಿತೆಂದು ಅಜ್ಜಿಗೆ ಬೇಜಾರಾಯಿತಂತೆ. ಇದರಿಂದ ಕಲಿತ ಪಾಠವನ್ನು ಹೊಸಬರಿಗೆ ಬೇರೆ ಹೇಳಬೇಕಿಲ್ಲ. ಈಗ ಫೋನು ಎಲ್ಲರ ಮನೆಯಲ್ಲೂ ಇದೆ, ಹುಡುಗಿಯರು ಎಲ್ಲವನ್ನೂ ಕೇಳಿಯೇ ನಿಮ್ಮ ಹತ್ತಿರ ಬರುತ್ತಾರೆ. ಫೋನು ಹಾರಿಸಿದ ಹಾಳೆ ಯಾವುದೆಂದು ಹುಡುಕುವುದು ಇನ್ನು ನಿಮ್ಮ ಕೆಲಸ. ಅದಕ್ಕೆ ಮೊದಲು ನೀವು ಯಾವುದನ್ನು ಹಾರಿಸುತ್ತಿದ್ದೀರಿ ನೋಡಿಕೊಳ್ಳಿ.

ಆದರೆ ನನ್ನ ಕಣ್ಣಿಗೆ ಕಟ್ಟಿದಂತಿರುವುದು ಆ ಸಂಜೆಯಲ್ಲ, ಅದೇ ದಿನದ ಮಧ್ಯಾಹ್ನ. ಪಾಠ ಮುಗಿದು ಊಟದ ಗಂಟೆ ಬಾರಿಸಿತು. ಹಾಳೆಗಳನ್ನು ಸುತ್ತಿಕೊಂಡು ಹೊರಗೆ ಬಂದಾಗ ಮಾಳಮ್ಮ ಬೇವಿನ ಮರದ ಕೆಳಗೆ ಕೂತು ಗಂಟು ಬಿಚ್ಚುತ್ತಿದ್ದಳು. ವೃಂದಾ ಅವಳ ಎದುರು ಹೋಗಿ ನಿಂತಳು. ಶಾಲೆಯಲ್ಲಿ ಹೊರಗಿನವರ ಮನೆಯ ನೀರನ್ನೂ ಮುಟ್ಟದ ಹುಡುಗಿ. ಎರಡು ವರ್ಷ ಒಂದೇ ಕೋಣೆಯಲ್ಲಿ ಕೂತರೂ ಅವರಿಬ್ಬರೂ ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

‘ಖರೇನ ಏನು, ದೋಣಿದು?’ ಎಂದು ಕೇಳಿದಳು.

ಮಾಳಮ್ಮ ಅವಳನ್ನು ಮೇಲಿಂದ ಕೆಳತನಕ ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತೆಂದು ನನಗನ್ನಿಸಿತು. ಒಂದು ರೊಟ್ಟಿ ತೆಗೆದು ಮೇಲೆ ಚಟ್ನಿ ಇಟ್ಟು ಚಾಚಿದಳು.

‘ಬಳ್ಳೊಳ್ಳಿ ಹಾಕ್ಯಾರ ನೋಡು,’ ಎಂದಳು. ಬೆಳ್ಳುಳ್ಳಿ ವೃಂದಾಳ ಮನೆಯ ಹೊಸ್ತಿಲು ದಾಟುವಂತಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

‘ಇರ್ಲಿ,’ ಎಂದು ವೃಂದಾ ಅಲ್ಲೇ ಮಣ್ಣಿನಲ್ಲಿ ಕೂತಳು. ಮೊದಲ ತುತ್ತು ಬಹಳ ಹೊತ್ತು ಅಗಿದಳು. ಆಮೇಲೆ ಬೇಗ ಬೇಗ. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಮೆಲ್ಲಗೆ ತಿನ್ನು ಎಂದು ಮಾಳಮ್ಮ ನೀರಿನ ಬಾಟಲಿಯನ್ನು ಅವಳತ್ತ ಸರಿಸಿದಳು. ನಾನು ಕಂಬದ ಹಿಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡೆ, ಮುಂದೆ ಹೋಗಲಿಲ್ಲ. ಎರಡನೆಯ ರೊಟ್ಟಿಯನ್ನು ವೃಂದಾ ತಾನೇ ಕೇಳಿ ತೆಗೆದುಕೊಂಡಳು.